ದಾಖಲಾಗದವರ ಲೆಕ್ಕ

ಉರ್ದು ಶಾಲೆಯಲ್ಲಿ ಅಲಿಫ್-ಬೇ ಕಲಿತು ಆಮೇಲೆ ಕನ್ನಡ ಶಾಲೆಯ ಬೆಂಚಿಗೆ ಬಂದು ಕುಳಿತ ನಮ್ಮಂಥವರಿಗೆ ಕೆಲವು ಪದಗಳು ಎರಡೂ ಮನೆಗಳಲ್ಲಿ ಎದುರಾಗುತ್ತವೆ. 'ದಾಖಲು' ಅಂಥದೊಂದು ಪದ. ಅರಬಿಯಿಂದ ಉರ್ದುವಿಗೆ ಬಂದ 'ದಾಖಿಲ್' ಎಂದರೆ ಒಳಗೆ ಬಂದವನು ಎಂದರ್ಥ. ಕನ್ನಡಕ್ಕೆ ಬಂದ ಮೇಲೆ ಅದು ಎರಡು ಕೆಲಸ ಮಾಡತೊಡಗಿತು. ರೋಗಿ ಆಸ್ಪತ್ರೆಗೆ ದಾಖಲಾಗುತ್ತಾನೆ. ಅವನ ಖರ್ಚು ಪುಸ್ತಕದಲ್ಲಿ ದಾಖಲಾಗುತ್ತದೆ. ಒಂದೇ ಪದ, ಎರಡು ಬಾಗಿಲು. ಸರ್ಕಾರಿ ಆಸ್ಪತ್ರೆಯ ಖರ್ಚುವೆಚ್ಚದ ಬಗ್ಗೆ ಬರುವ ವರದಿಗಳನ್ನೂ ಪತ್ರಿಕಾ ಸುದ್ದಿಗಳನ್ನೂ ಓದುವಾಗಲೆಲ್ಲ ಈ ಪದ ನಮ್ಮನ್ನು ಕಾಡುತ್ತದೆ. ಮೊದಲನೆಯ ಬಾಗಿಲು ದಾಟಿದವರಿಗೆ ಮಾತ್ರ ಎರಡನೆಯ ಬಾಗಿಲು ತೆರೆಯುತ್ತದೆ. ಮೊದಲನೆಯದರಿಂದಲೇ ಹಿಂದಿರುಗಿದವರ ಗತಿ ಏನು?

ಮೊದಲು ಅಂಕಿಯನ್ನೇ ನೋಡೋಣ. ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತು 2017ರ ಜುಲೈಯಿಂದ 2018ರ ಜೂನ್‌ವರೆಗೆ ದೇಶದಾದ್ಯಂತ ಆಯ್ದ ಮನೆಗಳಿಗೆ ಹೋಗಿ ಕಾಯಿಲೆ ಕಸಾಲೆಯ ಖರ್ಚನ್ನು ವಿಚಾರಿಸಿತು. ಹೆರಿಗೆಯನ್ನು ಬಿಟ್ಟರೆ, ಸರ್ಕಾರಿ ಆಸ್ಪತ್ರೆಯಲ್ಲಿ ಒಮ್ಮೆ ಒಳರೋಗಿಯಾಗಿ ದಾಖಲಾದವರ ಸರಾಸರಿ ವೈದ್ಯಕೀಯ ವೆಚ್ಚ 4,452 ರೂಪಾಯಿ. ಖಾಸಗಿ ಆಸ್ಪತ್ರೆಯಲ್ಲಿ 31,845 ರೂಪಾಯಿ ಎಂದು ಅದು ಹೇಳಿತು. ಏಳು ಪಟ್ಟು ವ್ಯತ್ಯಾಸ! ಸರ್ಕಾರಿ ಆಸ್ಪತ್ರೆ ಏಕೆ ಉಳಿಯಬೇಕು ಎಂದು ಯಾರಾದರೂ ಕೇಳಿದರೆ ಈ ಎರಡು ಅಂಕಿಗಳನ್ನು ತೋರಿಸಿದರೆ ಸಾಕು. ನಾವು ಮುಂದೆ ಹೇಳುವ ಯಾವ ಮಾತೂ ಸರ್ಕಾರಿ ಆಸ್ಪತ್ರೆಯ ವಿರುದ್ಧದ್ದಲ್ಲ ಎಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬಡವನಿಗೆ ಅದು ಬಿಟ್ಟರೆ ಬೇರೆ ಗತಿಯಿಲ್ಲ. ಆದ್ದರಿಂದಲೇ ಅದರ ಲೆಕ್ಕ ಸರಿಯಾಗಿರಬೇಕು.

ಈಗ ನಮ್ಮ ಮನೆಯ ಒಂದು ಲೆಕ್ಕ. 2018ರ ಮಳೆಗಾಲದಲ್ಲಿ ನಮ್ಮ ಖಾಲಾ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ಹೇಳಿದರೆ ಅಲ್ಲಿನ ಒಬ್ಬಿಬ್ಬರು ನೌಕರರ ಮೇಲೆ ಸಿಟ್ಟು ತೀರಿಸಿಕೊಂಡು ವಿಷಯ ಮುಗಿದುಹೋಗುತ್ತದೆ. ಶಸ್ತ್ರಚಿಕಿತ್ಸೆಗೆ ಅವರು ಹಣ ಕೇಳಲಿಲ್ಲ. ಮೂಳೆ ಸರಿಯಾಗಿ ಕೂಡಿಕೊಂಡಿತು, ಖಾಲಾ ಇವತ್ತಿಗೂ ನಡೆದಾಡುತ್ತಾರೆ. ಆ ವೈದ್ಯರಿಗೆ ನಾವು ಋಣಿ.

ಕತೆ ಬರೆಯುವವರಿಗೆ ಕಂಡದ್ದನ್ನೆಲ್ಲ ಗೀಚಿಡುವ ಚಟ ಇರುತ್ತದಷ್ಟೆ. ಆ ಹನ್ನೊಂದು ದಿನ ನಾವು ಒಂದು ನೋಟ್‌ಬುಕ್ಕಿನ ಎಡಪುಟದಲ್ಲಿ ಆಸ್ಪತ್ರೆ ರಸೀದಿ ಕೊಟ್ಟ ಹಣವನ್ನೂ ಬಲಪುಟದಲ್ಲಿ ಉಳಿದ ಹಣವನ್ನೂ ಬರೆಯುತ್ತಾ ಹೋದೆವು. ಎಡಪುಟದ ಮೊತ್ತ 385 ರೂಪಾಯಿ. ಬಲಪುಟ ಹೀಗಿತ್ತು: ಎದುರಿನ ಅಂಗಡಿಯಿಂದ ತಂದ ಔಷಧಿ, ಬ್ಯಾಂಡೇಜು 2,760, ಹೊರಗೆ ಮಾಡಿಸಿದ ಸ್ಕ್ಯಾನಿಂಗ್ 1,500, ಆಟೋ 1,150, ಜೊತೆಗಿದ್ದ ಇಬ್ಬರ ಊಟ, ಟೀ 2,420, ಸ್ಟ್ರೆಚರ್ ತಳ್ಳಿದ್ದಕ್ಕೆ, ಬೆಡ್ ಪ್ಯಾನ್ ಇಟ್ಟಿದ್ದಕ್ಕೆ, ವಾರ್ಡಿನ ಬಾಗಿಲು ತೆರೆದದ್ದಕ್ಕೆ ಕೊಟ್ಟ ಚಾಯ್‌ಪಾನಿ 950. ಖಾಲಾರ ಮಗ ಗ್ಯಾರೇಜಿಗೆ ಹೋಗದೆ ಕಳೆದುಕೊಂಡ ಹನ್ನೊಂದು ದಿನದ ಕೂಲಿ ದಿನಕ್ಕೆ 600ರಂತೆ 6,600. ಬೀಡಿ ಕಟ್ಟುವ ಸೊಸೆ ಆ ದಿನಗಳಲ್ಲಿ ಎಷ್ಟು ಸಾವಿರ ಬೀಡಿ ಕಟ್ಟುತ್ತಿದ್ದಳೋ, ಅದನ್ನು ಬರೆಯಲು ನಮಗೂ ತೋಚಲಿಲ್ಲ. ಹೆಂಗಸಿನ ದುಡಿಮೆ ನಮ್ಮ ಪುಸ್ತಕದಿಂದಲೂ ತಪ್ಪಿಸಿಕೊಂಡಿತು. ಇಷ್ಟಕ್ಕೆಲ್ಲ ಹಣ ಹೊಂದಿಸಲು ಒಂದು ಬಳೆಯನ್ನು 12,000ಕ್ಕೆ ಅಡವಿಟ್ಟರು. ತಿಂಗಳಿಗೆ ನೂರಕ್ಕೆ ಎರಡರಂತೆ ಎಂಟು ತಿಂಗಳ ಬಡ್ಡಿ 1,920. ಎಲ್ಲ ಸೇರಿ 17,685 ರೂಪಾಯಿ.

ನಾವು ಬರೆಯುವುದನ್ನು ನೋಡಿ ಖಾಲಾ ಹಾಸಿಗೆಯಿಂದಲೇ ನಕ್ಕರು. "ದಿಯೇ ಸೋ ದಿಯೇ ಬೇಟಾ, ಲಿಖ್‌ಕೋ ಕ್ಯಾ ಕರ್ತೆ?" ಕೊಟ್ಟದ್ದು ಕೊಟ್ಟಾಯಿತು, ಬರೆದುಕೊಂಡು ಏನು ಮಾಡುತ್ತೀಯ ಮಗನೇ ಎಂದರು.

ಸಮೀಕ್ಷೆಯವರು ಖಾಲಾರ ಮನೆಗೆ ಬಂದಿದ್ದರೆ ಏನು ಬರೆದುಕೊಳ್ಳುತ್ತಿದ್ದರು? ಅವರ ಪದ್ಧತಿಯಲ್ಲಿ ವೈದ್ಯಕೀಯ ವೆಚ್ಚವೆಂದರೆ ವೈದ್ಯರ ಶುಲ್ಕ, ಔಷಧಿ, ಪರೀಕ್ಷೆ, ಹಾಸಿಗೆ ಬಾಡಿಗೆ ಮುಂತಾದವು. ಆ ಪ್ರಕಾರ ರಸೀದಿಯ 385, ಔಷಧಿಯ 2,760, ಸ್ಕ್ಯಾನಿಂಗಿನ 1,500 ಸೇರಿ 4,645 ರೂಪಾಯಿ. ದೇಶದ ಸರಾಸರಿಗೆ ಹೆಚ್ಚುಕಡಿಮೆ ಸಮ! ಅಂದರೆ ಸಮೀಕ್ಷೆ ಸುಳ್ಳು ಹೇಳಿಲ್ಲ. ಖಾಲಾರ ಮಟ್ಟಿಗೆ ಅದು ನಿಜವನ್ನೇ ಹೇಳಿದೆ, ಆದರೆ ನಾಲ್ಕಾಣೆಯಷ್ಟು ನಿಜವನ್ನು. ಓಡಾಟದ ಖರ್ಚನ್ನೂ ಜೊತೆಗಿದ್ದವರ ಊಟ ವಸತಿಯ ಖರ್ಚನ್ನೂ ಸಮೀಕ್ಷೆಯವರು ಬೇರೆಯಾಗಿ ಕೇಳುತ್ತಾರೆ ಎಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಆದರೆ ಮಂತ್ರಿಗಳ ಭಾಷಣಕ್ಕೂ ಪತ್ರಿಕೆಯ ತಲೆಬರಹಕ್ಕೂ ಬರುವುದು ಆ ಮೊದಲ ಅಂಕಿ ಮಾತ್ರ. ಲಂಚ ಎಂಬ ಹೆಸರಿನ ಅಂಕಣವಂತೂ ಅದರಲ್ಲಿ ಇಲ್ಲ. ಇದ್ದಿದ್ದರೂ ಖಾಲಾ ಹೇಳುತ್ತಿರಲಿಲ್ಲ. ಅವರ ಭಾಷೆಯಲ್ಲಿ ಅದು ಲಂಚವಲ್ಲ, ಚಾಯ್‌ಪಾನಿ. ಚಹಾ ಕುಡಿಸಿದ್ದನ್ನು ಯಾರಾದರೂ ಸರ್ಕಾರದವರ ಮುಂದೆ ಹೇಳಿಕೊಳ್ಳುತ್ತಾರೆಯೇ?

ಇದನ್ನು ಅಳೆಯುವುದೇ ಅಸಾಧ್ಯ ಎನ್ನುವವರಿಗೆ ನಮ್ಮ ರಾಜ್ಯದಲ್ಲೇ ಉತ್ತರವಿದೆ. ಸ್ಯಾಮ್ಯುಯೆಲ್ ಪಾಲ್ ಅವರು 1994ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ, ಮಹಾನಗರಪಾಲಿಕೆಯ ಹೆರಿಗೆ ಆಸ್ಪತ್ರೆಗಳಿಗೆ ಹೋದ ಬಡ ಹೆಂಗಸರನ್ನೇ ಮಾತಾಡಿಸಿತು. ಹೆತ್ತ ಮಗುವಿನ ಮುಖ ನೋಡಲೂ ತಾಯಂದಿರು ಹಣ ಕೊಡಬೇಕಾಗಿತ್ತು ಎಂಬುದು ಆಗ ಕಾಗದದ ಮೇಲೆ ಬಂತು. ಡಾ. ಎಚ್. ಸುದರ್ಶನ್ ಅವರ ನೇತೃತ್ವದ ಆರೋಗ್ಯ ಕಾರ್ಯಪಡೆ 2001ರಲ್ಲಿ ಸರ್ಕಾರಕ್ಕೆ ಒಪ್ಪಿಸಿದ ವರದಿಯೂ ಭ್ರಷ್ಟಾಚಾರವನ್ನು ಆರೋಗ್ಯ ಇಲಾಖೆಯ ರೋಗವೆಂದೇ ಹೆಸರಿಸಿತು. ಕೇಳುವ ರೀತಿಯಲ್ಲಿ ಕೇಳಿದರೆ ಜನ ಹೇಳುತ್ತಾರೆ. ಕೇಳಬೇಕೆಂಬ ಮನಸ್ಸು ಬೇಕು, ಅಷ್ಟೆ.

ಇಷ್ಟು ದಾಖಲಾದವರ ಮಾತಾಯಿತು. ನಮ್ಮನ್ನು ನಿಜವಾಗಿ ಕಾಡುವವರು ಇನ್ನೊಂದು ಗುಂಪಿನವರು.

ತುಮಕೂರು ಜಿಲ್ಲೆಯ ನಕಾಶೆಯನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಗುಬ್ಬಿಯಿಂದ ತುಮಕೂರಿಗೆ ಬಿ.ಎಚ್. ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಆಸುಪಾಸು. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ಜಿಲ್ಲಾ ಆಸ್ಪತ್ರೆ, ಅಲ್ಲಿಯೂ ಆಗದಿದ್ದರೆ ಎಪ್ಪತ್ತು ಕಿಲೋಮೀಟರ್ ಆಚೆಯ ಬೆಂಗಳೂರು. ಕುಣಿಗಲ್ಲಿನವರಿಗೆ ಮೂರು ದಾರಿ. ಉತ್ತರಕ್ಕೆ ತುಮಕೂರು, ಪೂರ್ವಕ್ಕೆ ಬೆಂಗಳೂರು, ಪಶ್ಚಿಮಕ್ಕೆ ಬೆಳ್ಳೂರು ಕ್ರಾಸಿನ ಹತ್ತಿರದ ಖಾಸಗಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ. 'ಮುಂದಕ್ಕೆ ಬರೆದುಕೊಡುವುದು' ಎಂಬ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಬರೆದುಕೊಟ್ಟ ಚೀಟಿ ಹಿಡಿದು ಹೊರಟವರಲ್ಲಿ ಎಷ್ಟು ಜನ ಮುಂದಿನ ಆಸ್ಪತ್ರೆಯನ್ನು ಮುಟ್ಟಿದರು, ಎಷ್ಟು ಜನ ಮನೆಯ ದಾರಿ ಹಿಡಿದರು?

ಕೆಲವು ವರ್ಷಗಳ ಹಿಂದೆ ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಪಕ್ಕದಲ್ಲಿ ಕುಳಿತಿದ್ದ ಒಬ್ಬ ಹಿರಿಯ ರೈತರ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯಾದ ಅಂಥದೊಂದು ಚೀಟಿ ಇತ್ತು. ಹೊಟ್ಟೆನೋವು, ಬೆಂಗಳೂರಿಗೆ ಹೋಗಿ ಎಂದು ಬರೆದುಕೊಟ್ಟು ಮೂರು ತಿಂಗಳಾಗಿತ್ತು. ಏಕೆ ಹೋಗಲಿಲ್ಲ ಯಜಮಾನ್ರೇ ಎಂದು ಕೇಳಿದೆವು. "ಹೋಗಿದ್ರೆ ಖರ್ಚು ಸಾಬ್ರೇ. ಹೋಗ್ನಿಲ್ಲ, ಖರ್ಚೂ ಇಲ್ಲ" ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ, ಬರೀ ಲೆಕ್ಕವಿತ್ತು. ಎಂಥ ಕ್ರೂರ ಲೆಕ್ಕ! ಯಾವ ಸಮೀಕ್ಷೆಯವರು ಹೋಗಿ ಕೇಳಿದರೂ ಅವರ ಆಸ್ಪತ್ರೆ ಖರ್ಚು ಸೊನ್ನೆ. ನಿಜ ಹೇಳಬೇಕೆಂದರೆ ಸೊನ್ನೆಯೂ ಅಲ್ಲ. ಸೊನ್ನೆ ಎಂದು ಬರೆಯಬೇಕಾದರೂ ಒಂದು ಸಾಲು ಬೇಕಲ್ಲ. ದಾಖಲಾದವರ ಸರಾಸರಿಯಲ್ಲಿ ಅವರಿಗೆ ಸಾಲೇ ಇಲ್ಲ.

ಇದೇ ಮಾತಿನ ತುತ್ತತುದಿಯನ್ನು ತುಮಕೂರು 2022ರ ನವೆಂಬರ್ ಮೊದಲ ವಾರದಲ್ಲಿ ಕಂಡಿತು. ನಾಡಿನವರೆಲ್ಲ ಪತ್ರಿಕೆಗಳಲ್ಲಿ ಓದಿದ ಸಂಗತಿ. ತಮಿಳುನಾಡಿನಿಂದ ಬಂದು ನಗರದಲ್ಲಿ ವಾಸವಾಗಿದ್ದ ಒಬ್ಬ ಬಡ ಗರ್ಭಿಣಿಗೆ ರಾತ್ರಿ ನೋವು ಕಾಣಿಸಿಕೊಂಡಿತು. ಅಕ್ಕಪಕ್ಕದವರು ಕೈಯಲ್ಲಿದ್ದ ಕಾಸು ಕೂಡಿಸಿ ಆಟೋ ಮಾಡಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂದು ಅಲ್ಲಿ ಸೇರಿಸಿಕೊಳ್ಳಲಿಲ್ಲ, ಬೆಂಗಳೂರಿಗೆ ಹೋಗಿ ಎಂದರು. ಬೆಂಗಳೂರಿಗೆ ಹೋಗಲು ಹಣವಿಲ್ಲದ ಆಕೆ ಮನೆಗೆ ಮರಳಿದಳು. ಬೆಳಗಾಗುವಷ್ಟರಲ್ಲಿ ತಾಯಿಯೂ ಅವಳಿ ಗಂಡುಮಕ್ಕಳೂ ಇರಲಿಲ್ಲ. ಕರ್ತವ್ಯದಲ್ಲಿದ್ದ ವೈದ್ಯೆ ಮತ್ತು ದಾದಿಯರು ಅಮಾನತಾದರು, ಆರೋಗ್ಯ ಮಂತ್ರಿಗಳು ಬಂದರು. ತುರ್ತು ಸಂದರ್ಭದಲ್ಲಿ ದಾಖಲೆ ಕೇಳಿ ಚಿಕಿತ್ಸೆ ನಿರಾಕರಿಸಬಾರದು ಎಂಬ ಸೂಚನೆ ಹೊರಟಿತು.

ಕಾಗದದಲ್ಲಿ ಆಕೆಗೆ ಏನೇನು ಹಕ್ಕಿತ್ತು ನೋಡಿ. 2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ ಎಲ್ಲವೂ ಉಚಿತ. ಮನೆಯಿಂದ ಆಸ್ಪತ್ರೆಗೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮರಳಿ ಮನೆಗೆ ವಾಹನವೂ ಉಚಿತ. 108 ಆಂಬುಲೆನ್ಸ್ ನಮ್ಮ ರಾಜ್ಯದಲ್ಲಿ ಓಡಾಡತೊಡಗಿದ್ದು 2008ರ ನವೆಂಬರ್ 1ರಿಂದ. ಇಷ್ಟೆಲ್ಲ ಉಚಿತವಾಗಿದ್ದ ಊರಿನಲ್ಲಿ ಆ ರಾತ್ರಿ ಆಕೆಗಾಗಿ ಖರ್ಚಾದದ್ದು ನೆರೆಹೊರೆಯವರು ಕೂಡಿಸಿದ ಆಟೋ ಬಾಡಿಗೆ. ಆ ಬಾಡಿಗೆ ಯಾವ ಅಂಕಣಕ್ಕೆ ಸೇರಬೇಕು? ದಾಖಲೆ ಇಲ್ಲವೆಂದು ದಾಖಲಾಗಲಿಲ್ಲ. ದಾಖಲಾಗಲಿಲ್ಲವೆಂದು ಖರ್ಚಿನ ಲೆಕ್ಕದಲ್ಲೂ ದಾಖಲಾಗಲಿಲ್ಲ. ಸಮೀಕ್ಷೆ ಮನೆಯ ಬಾಗಿಲು ತಟ್ಟಿ ಕೇಳುತ್ತದೆ, ಸರಿ. ಮನೆಯೇ ಮುರಿದುಬಿದ್ದ ಮೇಲೆ ಬಾಗಿಲು ತೆರೆಯುವವರು ಯಾರು?

ಈ ಹಿನ್ನೆಲೆಯಲ್ಲಿ ಇಳಿಮುಖದ ಅಂಕಿಗಳನ್ನು ಓದಬೇಕು. ಮಾದರಿ ಸಮೀಕ್ಷೆಯ 71ನೇ ಸುತ್ತಿನಲ್ಲಿ, ಅಂದರೆ 2014ರಲ್ಲಿ, ಸರ್ಕಾರಿ ಆಸ್ಪತ್ರೆಯ ಸರಾಸರಿ ವೆಚ್ಚ 6,120 ರೂಪಾಯಿ ಇತ್ತು. ಮುಂದಿನ ಸಮೀಕ್ಷೆಯ ಹೊತ್ತಿಗೆ ಅದು 4,452ಕ್ಕೆ ಇಳಿಯಿತು. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರ ಜೇಬಿನಿಂದ ಹೋಗುವ ಪಾಲು 2013-14ರಲ್ಲಿ ಶೇಕಡಾ 64.2 ಇದ್ದದ್ದು 2017-18ರಲ್ಲಿ 48.8, 2021-22ರಲ್ಲಿ 39.4 ಆಯಿತು ಎಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಸಂತೋಷ ಪಡಬೇಕಾದ ಸುದ್ದಿಯೇ. ಉಚಿತ ಔಷಧಿ, ಡಯಾಲಿಸಿಸ್, 2018ರ ಮಾರ್ಚಿನಲ್ಲಿ ಬಂದ ಆರೋಗ್ಯ ಕರ್ನಾಟಕದಂಥ ಯೋಜನೆಗಳಿಂದ ಎಷ್ಟೋ ಮನೆಗಳು ಉಳಿದಿವೆ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಅದೇ ಎರಡು ಸುತ್ತುಗಳಲ್ಲಿ ಇನ್ನೊಂದು ಅಂಕಿಯೂ ಇಳಿದಿದೆ. ಹೆರಿಗೆ ಬಿಟ್ಟು, ವರ್ಷವೊಂದರಲ್ಲಿ ಆಸ್ಪತ್ರೆಗೆ ದಾಖಲಾದವರು 2014ರಲ್ಲಿ ಹಳ್ಳಿಗಳಲ್ಲಿ ನೂರಕ್ಕೆ 3.5, ಪಟ್ಟಣಗಳಲ್ಲಿ 4.4 ಇದ್ದರು. 2017-18ರಲ್ಲಿ ಅದು 2.6 ಮತ್ತು 3.4. ಎರಡು ಸಮೀಕ್ಷೆಗಳ ಅವಧಿ ಬೇರೆ ಬೇರೆಯಾದ್ದರಿಂದ ಹೋಲಿಕೆಯಲ್ಲಿ ಎಚ್ಚರ ಬೇಕು, ನಿಜ. ಆದರೂ ಪ್ರಶ್ನೆ ಉಳಿಯುತ್ತದೆ. ನಾಲ್ಕು ವರ್ಷಗಳಲ್ಲಿ ಜನ ಅಷ್ಟೊಂದು ಆರೋಗ್ಯವಂತರಾದರೇ? ಅಥವಾ ಕುಣಿಗಲ್ಲಿನ ಆ ಯಜಮಾನರಂತೆ ಚೀಟಿ ಮಡಚಿ ಜೇಬಿಗಿಟ್ಟುಕೊಂಡವರು ಹೆಚ್ಚಾದರೇ? ಖರ್ಚು ಇಳಿಯಲು ಎರಡು ದಾರಿಗಳಿವೆ: ಒಂದು ಚಿಕಿತ್ಸೆ ಅಗ್ಗವಾಗುವುದು, ಇನ್ನೊಂದು ಚಿಕಿತ್ಸೆಯೇ ಸಿಗದಿರುವುದು. ಅಂಕಿಯನ್ನು ಬರೀ ನೋಡಿದರೆ ಎರಡಕ್ಕೂ ಒಂದೇ ಮುಖ. ಇನ್ನೊಂದು ಮಾತು: 2021-22ರ ಲೆಕ್ಕಪತ್ರದಲ್ಲಿ ಮನೆಗಳ ಖರ್ಚಿಗೆ ಆಧಾರ 2017-18ರ ಅದೇ ಹಳೆಯ ಸಮೀಕ್ಷೆ. ಅದನ್ನೇ ಲೆಕ್ಕ ಹಾಕಿ ಮುಂದಕ್ಕೆ ಎಳೆದಿದ್ದಾರೆ. ಕೊರೋನಾದ ಎರಡನೇ ಅಲೆಯಲ್ಲಿ ಆಕ್ಸಿಜನ್ ಸಿಲಿಂಡರಿಗಾಗಿ ಒಡವೆ ಮಾರಿದ ಮನೆಗಳನ್ನು ಆ ವರ್ಷ ಯಾರೂ ಹೋಗಿ ಕೇಳಿರಲಿಲ್ಲ ಎಂದಂತಾಯಿತು.

ಅಳತೆ ಬದಲಾದರೆ ವಾದವೇ ಬದಲಾಗುತ್ತದೆ ಎಂಬುದಕ್ಕೆ ಹೊರಗಿನ ಪ್ರಪಂಚದಲ್ಲಿ ಒಂದು ಒಳ್ಳೆಯ ನಿದರ್ಶನವಿದೆ. ಬ್ರಿಟನ್ನಿನಲ್ಲಿ 1948ರಲ್ಲಿ ಎಲ್ಲರಿಗೂ ಉಚಿತ ಆರೋಗ್ಯ ಸೇವೆ ಶುರುವಾದಾಗ, ಇದರಿಂದ ಬೊಕ್ಕಸ ಬರಿದಾಗುತ್ತಿದೆ ಎಂಬ ಕೂಗೆದ್ದಿತು. 1953ರಲ್ಲಿ ಗಿಲ್‌ಬೋ ಸಮಿತಿ ನೇಮಕವಾಯಿತು. ಆ ಸಮಿತಿಗಾಗಿ ಬ್ರಯನ್ ಏಬಲ್-ಸ್ಮಿತ್ ಮತ್ತು ರಿಚರ್ಡ್ ಟಿಟ್ಮಸ್ ಎಂಬಿಬ್ಬರು ಕುಳಿತು ಲೆಕ್ಕ ಬಿಡಿಸಿದರು. ರಾಷ್ಟ್ರೀಯ ಆದಾಯಕ್ಕೆ ಹೋಲಿಸಿದರೆ ಆ ಸೇವೆಯ ವೆಚ್ಚ 1949-50ರಲ್ಲಿ ಶೇಕಡಾ 3.75 ಇದ್ದದ್ದು 1953-54ರಲ್ಲಿ 3.25ಕ್ಕೆ ಇಳಿದಿತ್ತು! ಬಾಯಿಗೆ ಬಂದಂತೆ ಮಾತಾಡುತ್ತಿದ್ದವರು ಸುಮ್ಮನಾದರು, ಆಸ್ಪತ್ರೆಗಳು ಉಳಿದವು. ಅದಕ್ಕೂ ಒಂದು ಶತಮಾನ ಹಿಂದೆ ಫ್ಲಾರೆನ್ಸ್ ನೈಟಿಂಗೇಲ್ ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ಅಂಕಿಅಂಶ ಇಡಬೇಕೆಂದು ಹಟ ಹಿಡಿದಿದ್ದರು. ದೀಪ ಹಿಡಿದ ಆಕೆಯ ಚಿತ್ರವನ್ನು ನಮ್ಮ ಆಸ್ಪತ್ರೆಗಳು ಗೋಡೆಗೆ ತೂಗುಹಾಕಿವೆ, ಆಕೆಯ ಲೆಕ್ಕದ ಪುಸ್ತಕವನ್ನು ಮರೆತಿವೆ.

ಲೆಕ್ಕವಿಲ್ಲದೆ ಮಾಡುವ ಜಗಳ ಹೇಗಿರುತ್ತದೆ ಎಂಬುದನ್ನು 2025ರ ಮೇ ತಿಂಗಳಲ್ಲಿ ನೋಡಿದೆವು. ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು ಮುಚ್ಚಲು ರಾಜ್ಯ ಸರ್ಕಾರ ಹೊರಟಿತು. ನಾವು ಔಷಧಿಯನ್ನು ಉಚಿತವಾಗಿ ಕೊಡುವಾಗ ಒಳಗೆ ಮಾರಾಟವೇಕೆ ಎಂಬುದು ಸರ್ಕಾರದ ವಾದ. ಅಗ್ಗದ ಅಂಗಡಿಯನ್ನು ಮುಚ್ಚುವುದೇಕೆ ಎಂಬುದು ವಿರೋಧಿಗಳ ವಾದ. ವಿಷಯ ಹೈಕೋರ್ಟಿಗೂ ಹೋಯಿತು. ಎರಡು ವಾದಗಳನ್ನೂ ಅಳೆದು ನೋಡಲು ಬೇಕಾದದ್ದು ಒಂದೇ ಅಂಕಿ: ನೂರು ಒಳರೋಗಿಗಳಲ್ಲಿ ಎಷ್ಟು ಜನರಿಗೆ ಔಷಧಿಯನ್ನು ಹೊರಗೆ ಬರೆದುಕೊಟ್ಟರು, ಅದಕ್ಕೆ ಅವರು ಎಷ್ಟು ಕೊಟ್ಟರು? ಪಕ್ಷಗಳ ಕೆಸರೆರಚಾಟದ ಸುದ್ದಿ ಸಾಕಷ್ಟು ಓದಿದೆವು. ನಾವು ಓದಿದ ಸುದ್ದಿಗಳಲ್ಲಿ ಆ ಅಂಕಿ ಮಾತ್ರ ಸಿಗಲಿಲ್ಲ.

ಪತ್ರಿಕೆಗಳ ತಪ್ಪೂ ಇಲ್ಲಿ ಸಣ್ಣದಲ್ಲ. ಸಾವಾದರೆ ಬರೆಯುತ್ತೇವೆ, ಅಮಾನತಾದರೆ ಬರೆಯುತ್ತೇವೆ, ಆಮೇಲೆ ಮರೆಯುತ್ತೇವೆ. ರಾತ್ರಿಪಾಳಿಯಲ್ಲಿ ಒಂದು ವಾರ್ಡಿಗೆ ಎಷ್ಟು ದಾದಿಯರಿದ್ದರು ಎಂದು ಕೇಳುವುದಿಲ್ಲ. ಅಮಾನತಾದ ದಾದಿಯ ಹೆಸರು ಜನರಿಗೆ ಗೊತ್ತಾಗುತ್ತದೆ, ಖಾಲಿ ಉಳಿದ ಹುದ್ದೆಗೆ ಹೆಸರಿಲ್ಲವಾದ್ದರಿಂದ ಅದು ಸುದ್ದಿಯಾಗುವುದಿಲ್ಲ. ಇನ್ನು ಕತೆಗಾರರಾದ ನಾವು? ಆಸ್ಪತ್ರೆ ಎಂದೊಡನೆ ಕಣ್ಣೀರಿನ ದೃಶ್ಯವೊಂದನ್ನು ಬರೆದು ಮುಗಿಸುತ್ತೇವೆ. ಅಡವಿಟ್ಟ ಬಳೆಯ ಬಡ್ಡಿ ಎಷ್ಟಾಯಿತೆಂದು ಲೆಕ್ಕ ಹಾಕಿ ಬರೆದ ಕತೆ ನಮ್ಮದರಲ್ಲೂ ಒಂದಿಲ್ಲ.

ನಮ್ಮ ಸಮುದಾಯದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಜುಮಾ ನಮಾಜು ಮುಗಿದು ಹೊರಬರುವಾಗ ಮಸೀದಿಯ ಬಾಗಿಲಲ್ಲಿ ಆಸ್ಪತ್ರೆಯ ಚೀಟಿ ಹಿಡಿದು ನಿಂತವರನ್ನು ನಾವೆಲ್ಲ ನೋಡಿದ್ದೇವೆ. ಹತ್ತೋ ಇಪ್ಪತ್ತೋ ಅವರ ಕೈಗೆ ಹಾಕಿ ಮುಂದೆ ಹೋಗುತ್ತೇವೆ. ರಮಝಾನಿನಲ್ಲಿ ಜಕಾತಿನ ಹಣಕ್ಕಾಗಿ ಬರುವ ಅರ್ಜಿಗಳಲ್ಲೂ ಔಷಧಿ, ಆಪರೇಷನ್ನಿನ ಅರ್ಜಿಗಳೇ ಕಣ್ಣಿಗೆ ಬೀಳುತ್ತವೆ. ಕೊಟ್ಟ ಹಣವನ್ನು ಕಮಿಟಿಯವರು ಪುಸ್ತಕದಲ್ಲಿ ಬರೆಯುತ್ತಾರೆ. ಆದರೆ ಆತ ಯಾವ ಯೋಜನೆಯಲ್ಲಿ ಉಚಿತವಾಗಿ ಸಿಗಬೇಕಾದದ್ದಕ್ಕೆ ಹಣ ಕೇಳಲು ಬಂದ ಎಂದು ಯಾರೂ ಬರೆಯುವುದಿಲ್ಲ. ಮಠದಲ್ಲಿ, ಚರ್ಚಿನಲ್ಲಿ, ಸ್ತ್ರೀಶಕ್ತಿ ಸಂಘದ ಸಾಲದ ಪುಸ್ತಕದಲ್ಲಿ ಕತೆ ಬೇರೆಯಿರಲಾರದು. ಈ ಪುಸ್ತಕಗಳಿಗೆ ಒಂದೇ ಒಂದು ಅಂಕಣ ಸೇರಿಸಿದರೆ, ಸರ್ಕಾರ ಕೇಳದ ಪ್ರಶ್ನೆಗೆ ಗುಬ್ಬಿಯಲ್ಲೂ ಕುಣಿಗಲ್ಲಿನಲ್ಲೂ ತುಮಕೂರಿನಲ್ಲೂ ಉತ್ತರ ಕೂಡಿಬರುತ್ತದೆ. ದಾನ ಮಾಡುವವರು ಲೆಕ್ಕವನ್ನೂ ಕೇಳುವುದು ಅಧರ್ಮವಲ್ಲ.

ಆಸ್ಪತ್ರೆಗಳು ಮಾಡಬೇಕಾದದ್ದೂ ದೊಡ್ಡದೇನಲ್ಲ. ಒಳಗೆ ಸೇರಿಸಿಕೊಂಡವರ ಪುಸ್ತಕದ ಪಕ್ಕದಲ್ಲಿ ಸೇರಿಸಿಕೊಳ್ಳದವರ ಪುಸ್ತಕವೊಂದನ್ನು ಇಡಲಿ. ಯಾರು ಬಂದರು, ಎಷ್ಟು ಹೊತ್ತಿಗೆ, ಏಕೆ ಕಳಿಸಿದಿರಿ, ಎಲ್ಲಿಗೆ, ಯಾವ ವಾಹನದಲ್ಲಿ ಎಂಬ ಐದು ಪ್ರಶ್ನೆ ಸಾಕು. ಹದಿನೈದು ದಿನ ಬಿಟ್ಟು ಒಂದು ಫೋನ್ ಮಾಡಿ, ಮುಟ್ಟಿದಿರಾ ಎಂದು ಕೇಳಲಿ. ಹೊರಗೆ ಬರೆದುಕೊಟ್ಟ ಔಷಧಿಯ ಪಟ್ಟಿಯನ್ನು ತಿಂಗಳಿಗೊಮ್ಮೆ ಆರೋಗ್ಯ ರಕ್ಷಾ ಸಮಿತಿಯ ಮುಂದಿಡಲಿ, ಲಂಚ ಕೊಡಬೇಡಿ ಎಂಬ ಬೋರ್ಡಿನ ಪಕ್ಕದಲ್ಲೇ ಅದನ್ನೂ ಅಂಟಿಸಲಿ. ದಾದಿಯರ ಕೊರತೆಯ ನಡುವೆ ಇನ್ನೊಂದು ಪುಸ್ತಕವೇ ಎಂದು ಯಾರಾದರೂ ಕೇಳಬಹುದು. ಆ ಕೊರತೆಯನ್ನು ಮೇಲಿನವರಿಗೆ ಸಾಬೀತು ಮಾಡಿ ತೋರಿಸಲು ಆ ಪುಸ್ತಕಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಯಾವುದಿದೆ?

ಖಾಲಾ ಅವತ್ತು ಕೇಳಿದ ಪ್ರಶ್ನೆಗೆ ನಮ್ಮ ಬಳಿ ಉತ್ತರವಿರಲಿಲ್ಲ. ನಾಲ್ಕು ವರ್ಷ ಕಳೆದು ಆ ಗರ್ಭಿಣಿಯ ಸುದ್ದಿ ಬಂದ ದಿನ ಹಳೆಯ ನೋಟ್‌ಬುಕ್ ತೆಗೆದು ನೋಡಿದೆವು. ಖಾಲಾರ ಬಳಿ ಅಡವಿಡಲು ಬಳೆಯಿತ್ತು, ಓಡಾಡಲು ಮಗನಿದ್ದ, ಜೇಬಿನಲ್ಲಿ ಕಾರ್ಡುಗಳಿದ್ದವು. ಅವರು ಒಳಗೆ ಹೋದರು, ಆದ್ದರಿಂದ ನಮ್ಮ ಪುಸ್ತಕದ ಎರಡು ಪುಟಗಳು ತುಂಬಿದವು. ಆ ಎರಡು ಪುಟಗಳ ಮುಂದಿನ ಪುಟ ಇನ್ನೂ ಖಾಲಿಯಿದೆ. ಅದರ ಮೇಲ್ತುದಿಯಲ್ಲಿ ಅವತ್ತು 'ಆಟೋ ಬಾಡಿಗೆ' ಎಂದಷ್ಟೇ ಬರೆದೆವು. ಎಷ್ಟು ಎಂದು ಬರೆಯಬೇಕಾದವರು ಸರ್ಕಾರದವರು.